ಪ್ರಶ್ನೆ ಕೇಳಿ ಬಿಡಬೇಡಿ, ಉತ್ತರದ ಬೆನ್ನು ಹತ್ತಿ: ಮಂಡ್ಯ ಜಿಲ್ಲೆಯ ಶಾಸಕರಿಗೆ ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಏಳು ಕ್ಷೇತ್ರಗಳಿಂದ ಗೆದ್ದು ವಿಧಾನಸಭೆಗೆ ಹೋಗಿರುವ ಮಾನ್ಯ ಶಾಸಕರಿಗೆ, ನಮ್ಮ ಭಾಗದ ಮಾನ್ಯ ವಿಧಾನ ಪರಿಷತ್ ಸದಸ್ಯರಿಗೆ,

ನಮಸ್ಕಾರ.

ನಾನು ಮಳವಳ್ಳಿ ತಾಲ್ಲೂಕಿನವನು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಸ್ವಲ್ಪ ಜಮೀನಿದೆ, ಭತ್ತ ಮತ್ತು ಕಬ್ಬು ಬೆಳೆಯುತ್ತೇನೆ. ಈ ಪತ್ರದಲ್ಲಿ ರಸ್ತೆ ಮಾಡಿಸಿ, ಸಮುದಾಯ ಭವನ ಕಟ್ಟಿಸಿ ಎಂದು ಕೇಳುತ್ತಿಲ್ಲ. ಅಂಥ ಅರ್ಜಿಗಳು ನಿಮ್ಮ ಮನೆ ಬಾಗಿಲಿಗೆ ದಿನವೂ ಬರುತ್ತವೆ, ಗೊತ್ತು. ನಾನು ಬರೆಯುತ್ತಿರುವುದು ಸದನದಲ್ಲಿ ನೀವು ಕೇಳುವ ಪ್ರಶ್ನೆಗಳ ಬಗ್ಗೆ. ಆ ಪ್ರಶ್ನೆಗಳನ್ನು ಹೇಗೆ ಕೇಳುತ್ತೀರಿ, ಉತ್ತರ ಬಂದ ಮೇಲೆ ಏನು ಮಾಡುತ್ತೀರಿ ಎನ್ನುವುದು ನಮ್ಮ ಗದ್ದೆಗೆ ನೀರು ಬರುವ ತನಕ ಮುಟ್ಟುವ ವಿಷಯ.

ಕೆಲವು ಅಧಿವೇಶನಗಳ ಹಿಂದೆ ನಮ್ಮ ಉಪ ನಾಲೆಯ ದುರಸ್ತಿ ಬಗ್ಗೆ ಶಾಸಕರೊಬ್ಬರು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಲಿಖಿತ ಉತ್ತರವಷ್ಟೇ ಸಿಗುವ ಪ್ರಶ್ನೆ, ಕೇಳಿದ್ದರು. ಅವರು ಯಾರು, ಆಗ ಯಾವ ಸರ್ಕಾರ ಇತ್ತು, ಉತ್ತರ ತಯಾರಿಸಿದ್ದು ಯಾವ ಕಚೇರಿ ಎಂದು ಬರೆಯುವುದಿಲ್ಲ. ಇದು ಒಬ್ಬರ ಮೇಲಿನ ದೂರಲ್ಲ, ಎಲ್ಲ ಪಕ್ಷಗಳ ಕಾಲದಲ್ಲೂ ನಡೆದಿರುವ ಸಂಗತಿ. ಕಾಮಗಾರಿ ಮುಗಿದಿದೆ, ಕೊನೆ ಭಾಗಕ್ಕೆ ನೀರು ತಲುಪುತ್ತಿದೆ ಎಂದು ಲಿಖಿತ ಉತ್ತರ ಬಂತು. ಉತ್ತರ ಸದನದಲ್ಲಿ ಮಂಡನೆಯಾದ ಹೊತ್ತಿಗೆ ನಾವು ಒಟ್ಲು (ಭತ್ತದ ಸಸಿ ಮಡಿ) ಬಿಟ್ಟು ನೀರಿಗೆ ಕಾಯುತ್ತಾ ಕೂತಿದ್ದೆವು. ಕೊನೆಯ ತೂಬುಗಳ ಕಡೆ ಲೈನಿಂಗ್ ಆಗಿರಲೇ ಇಲ್ಲ. ಏರಿ ಒಡೆದಿದ್ದ ಜಾಗಕ್ಕೆ ಮರಳಿನ ಮೂಟೆ ಜೋಡಿಸಿದ್ದರು. ಹೂಳು ಹಾಗೇ ಇತ್ತು. ಒಟ್ಲು ಬಲಿತು ಹೋಯಿತು, ಆ ಸಲ ನಮ್ಮ ಕಡೆ ಎಷ್ಟೋ ಜನ ನಾಟಿಯನ್ನೇ ಬಿಟ್ಟರು.

ನನಗೆ ಜಾಸ್ತಿ ನೋವಾದದ್ದು ಆಮೇಲೆ. ಇಂಥದ್ದೊಂದು ಪ್ರಶ್ನೆ ಕೇಳಿದ್ದಾರೆ, ಇಂಥ ಉತ್ತರ ಬಂದಿದೆ ಎನ್ನುವುದೇ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಓದುವ ನಮ್ಮೂರ ಹುಡುಗನೊಬ್ಬ ವಿಧಾನಸಭೆಯ ಜಾಲತಾಣದಲ್ಲಿ ಅದನ್ನು ಹುಡುಕಿ ಫೋನಿಗೆ ಕಳಿಸಿದ. ಅಷ್ಟು ಹೊತ್ತಿಗೆ ಅಧಿವೇಶನ ಮುಗಿದು ತಿಂಗಳುಗಳಾಗಿದ್ದವು. ಪ್ರಶ್ನೆ ಕೇಳಿದವರು ಸುಳ್ಳು ಹೇಳಿರಲಿಲ್ಲ. ಉತ್ತರಕ್ಕೆ ಸಹಿ ಮಾಡಿದ ಸಚಿವರಿಗೂ ನಾಲೆಯ ಸ್ಥಿತಿ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಸರ್ಕಾರದ ದಾಖಲೆಯಲ್ಲಿ ನಮ್ಮ ನಾಲೆ ದುರಸ್ತಿ ಆಗಿಹೋಯಿತು. ಅಲ್ಲಿಂದಾಚೆಗೆ ಯಾವ ಕಚೇರಿಗೆ ಹೋದರೂ ಅದೇ ಉತ್ತರವನ್ನು ಮುಂದಿಡುತ್ತಾರೆ. ನಮಗೆ ನೆರವಾಗಲಿ ಎಂದು ಕೇಳಿದ ಪ್ರಶ್ನೆ ನಮ್ಮ ವಿರುದ್ಧದ ಸಾಕ್ಷಿಯಾಗಿ ನಿಂತಿತು.

ಆವತ್ತಿನಿಂದ ನಾನು ಸದನದ ಪ್ರಶ್ನೋತ್ತರಗಳನ್ನು ಓದಲು ಶುರು ಮಾಡಿದೆ. ಉತ್ತರಗಳು ಕನ್ನಡದಲ್ಲೇ ಇರುತ್ತವೆ, ಯಾರು ಬೇಕಾದರೂ ಓದಬಹುದು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಅ, ಆ, ಇ, ಈ ಎಂದು ಭಾಗಗಳು. ಬಹಳಷ್ಟು ಪ್ರಶ್ನೆಗಳು ಒಂದೇ ಥರ ಶುರುವಾಗುತ್ತವೆ. "ಇಂಥ ಕಡೆ ಇಂಥ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಉತ್ತರ: "ಬಂದಿದೆ." "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಉತ್ತರ: "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು." ಗಮನಕ್ಕೆ ಬಂದಿಲ್ಲ ಎಂದುಬಿಟ್ಟರೆ ಇನ್ನೂ ಸುಲಭ. ಮುಂದಿನ ಭಾಗಗಳಿಗೆಲ್ಲ "ಉದ್ಭವಿಸುವುದಿಲ್ಲ" ಎಂದು ಬರೆದರೆ ಮುಗಿಯಿತು. ಒಂದು ದಿನಾಂಕ ಇಲ್ಲ, ಒಂದು ಮೊತ್ತ ಇಲ್ಲ, ಜವಾಬ್ದಾರಿ ಯಾವ ಹುದ್ದೆಯವರದ್ದು ಎನ್ನುವುದೂ ಇಲ್ಲ. ಇಂಥ ಉತ್ತರಕ್ಕೆ ಸರ್ಕಾರವನ್ನಷ್ಟೇ ಬೈದರೆ ಸಾಲದು. ಪ್ರಶ್ನೆಯೇ ಅವರಿಗೆ ಆ ದಾರಿ ಬಿಟ್ಟುಕೊಟ್ಟಿರುತ್ತದೆ.

ಸಂವಿಧಾನದ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ನಾವು ಮತ ಹಾಕಿ ಕಳಿಸಿದವರಿಗೆ ಸಚಿವರು ಉತ್ತರ ಕೊಡಲೇಬೇಕು ಎನ್ನುವುದು ಇದರ ತಿರುಳು. ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಒಬ್ಬ ಅಧಿಕಾರಿ ಕಡತದಲ್ಲಿ ಇದ್ದದ್ದನ್ನು ಕೊಡುತ್ತಾರೆ. ಯಾಕೆ ಹೀಗಾಯಿತು, ಯಾವಾಗ ಸರಿ ಮಾಡುತ್ತೀರಿ ಎಂದು ಅವರನ್ನು ಕೇಳುವ ಹಾಗಿಲ್ಲ. ನೀವು ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಹೇಳಬೇಕು. ಅವರ ಮಾತಿನಲ್ಲಿ ಬಿರುಕು ಕಂಡರೆ ಅಲ್ಲೇ ಉಪ ಪ್ರಶ್ನೆ ಹಾಕಬಹುದು. ಈ ಅಧಿಕಾರ ಜಿಲ್ಲೆಯಲ್ಲಿ ನಿಮ್ಮನ್ನು ಬಿಟ್ಟರೆ ಇನ್ಯಾರಿಗೂ ಇಲ್ಲ. ಜಿಲ್ಲಾಧಿಕಾರಿಗೂ ಇಲ್ಲ.

ಆಡಳಿತ ಪಕ್ಷದ ಶಾಸಕರಿಗೆ ಒಂದು ಮಾತು. ನಮ್ಮದೇ ಸರ್ಕಾರ, ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ಸಚಿವರಿಗೆ ಮುಜುಗರ ಎನ್ನುವ ಸಂಕೋಚ ಆಡಳಿತ ಪಕ್ಷದ ಸಾಲಿನಲ್ಲಿ ಕೂತವರಿಗೆ ಯಾವ ಕಾಲದಲ್ಲೂ ಇದ್ದೇ ಇರುತ್ತದೆ. ದಯವಿಟ್ಟು 1957ನ್ನು ನೆನಪಿಸಿಕೊಳ್ಳಿ. ಆಗ ತಾನೇ ರಾಷ್ಟ್ರೀಕರಣವಾಗಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತ್ತು. ಇದು ಮೊದಲು ಬಂದದ್ದು ಲೋಕಸಭೆಯ ಪ್ರಶ್ನೆಯಾಗಿ. ಸರ್ಕಾರದ ಉತ್ತರದಿಂದ ಸಮಾಧಾನ ಆಗದೆ ಅದನ್ನು ಬೆನ್ನು ಹತ್ತಿದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷವಾದ ಕಾಂಗ್ರೆಸ್ಸಿನ ಸಂಸದರು, ಪ್ರಧಾನಿ ನೆಹರೂ ಅವರ ಅಳಿಯ. ದಾಖಲೆ ಹಿಡಿದು ಮಾತಾಡಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ಜನರ ಎದುರೇ ನಡೆಯಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಉತ್ತರವನ್ನೇ ಒಪ್ಪಿ ಸುಮ್ಮನೆ ಕೂತಿದ್ದರೆ ಇದ್ಯಾವುದೂ ಹೊರಗೆ ಬರುತ್ತಿರಲಿಲ್ಲ. ನಿಮ್ಮಲ್ಲಿ ಸಚಿವರಾದವರು ಪ್ರಶ್ನೆ ಕೇಳುವಂತಿಲ್ಲ, ಅವರು ಉತ್ತರ ಕೊಡುವ ಕಡೆ ಇರುವವರು. ಹಾಗಾಗಿ ಉಳಿದವರ ಹೊಣೆ ಇನ್ನೂ ಜಾಸ್ತಿ.

ಪ್ರಶ್ನೆಯ ಬೆಲೆ ಗೊತ್ತಿದ್ದವರು ಅದನ್ನು ಮಾರಿಕೊಂಡದ್ದೂ ಉಂಟು. ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದರೆಂದು 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಉಚ್ಚಾಟಿಸಿದರು. ಹತ್ತು ಜನ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. ಹಣ ಇರುವವರಿಗೆ ತಿಳಿದಿರುವ ಈ ಬೆಲೆ ಮತ ಹಾಕಿದ ನಮಗೂ ತಿಳಿಯಬೇಕು ಅಲ್ವಾ?

ಈಗ ನಮ್ಮ ಜಿಲ್ಲೆಯ ಒಂದು ಉದಾಹರಣೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ, ಅಂದರೆ ಇದೇ ವಿಶ್ವೇಶ್ವರಯ್ಯ ನಾಲೆಗೆ, ಬಿತ್ತು. 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆ ಪಕ್ಕದ ರಸ್ತೆಗಳಿಗೆ ತಡೆಗೋಡೆ ಬೇಕು ಎಂದು ಆವತ್ತು ಇಡೀ ರಾಜ್ಯ ಮಾತಾಡಿತು. 2023ರಲ್ಲಿ ಮತ್ತೆ ಕಾರುಗಳು ಇದೇ ನಾಲೆಗೆ ಬಿದ್ದವು, ಮತ್ತೆ ಜನ ಸತ್ತರು.

ಇದರ ಬಗ್ಗೆ "ತಡೆಗೋಡೆ ಇಲ್ಲದೆ ಅಪಘಾತ ಆಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಕೇಳಿದರೆ ಏನು ಉತ್ತರ ಬರುತ್ತದೆ ಎಂದು ನಾನು ಇಲ್ಲೇ ಕೂತು ಹೇಳಬಲ್ಲೆ. ಅದನ್ನೇ ಬೇರೆ ಥರ ಕೇಳಿ ನೋಡಿ. ನಾಲೆಗೆ ಅಂಟಿಕೊಂಡೇ ಹೋಗುವ ರಸ್ತೆ ತಾಲ್ಲೂಕುವಾರು ಎಷ್ಟು ಕಿಲೋಮೀಟರ್ ಇದೆ? ಅದರಲ್ಲಿ ತಡೆಗೋಡೆ ಇರುವುದು ಎಷ್ಟು, ಇಲ್ಲದ್ದು ಎಷ್ಟು? 2018ರಿಂದ ಈಚೆಗೆ ಇದಕ್ಕೆ ಪ್ರತಿ ವರ್ಷ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು? ರಸ್ತೆ ಒಂದು ಇಲಾಖೆಯದು, ನಾಲೆ ಇನ್ನೊಂದರದು ಆದ ಕಡೆ ಗೋಡೆ ಕಟ್ಟುವ ಜವಾಬ್ದಾರಿ ಯಾರದು ಎಂದು ಆದೇಶ ಆಗಿದೆಯೇ, ಆಗಿದ್ದರೆ ಅದರ ಪ್ರತಿ ಕೊಡುವುದು. ಉಳಿದ ಕೆಲಸ ಯಾವ ತಿಂಗಳೊಳಗೆ ಮುಗಿಯುತ್ತದೆ? ಇದಕ್ಕೆ "ಉದ್ಭವಿಸುವುದಿಲ್ಲ" ಎಂದು ಬರೆಯಲು ಆಗುವುದಿಲ್ಲ. ಸಂಖ್ಯೆ ಕೊಡಲೇಬೇಕು. ಕೊಟ್ಟರೆ ನಾವು ನಾಲೆ ಮೇಲೆ ನಡೆದು ತಾಳೆ ನೋಡುತ್ತೇವೆ.

ಕಬ್ಬಿನ ವಿಷಯವೂ ಹೀಗೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಬಾಕಿ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ಆ ಬಡ್ಡಿಯನ್ನು ಎಷ್ಟು ರೈತರಿಗೆ, ಎಷ್ಟು ರೂಪಾಯಿ ಕೊಡಿಸಿದ್ದೀರಿ ಎಂದು ಕಾರ್ಖಾನೆವಾರು ಕೇಳಿ. ಮಂಡ್ಯದ ಮೈಷುಗರ್ 1933ರಲ್ಲಿ ಶುರುವಾದ, ಸರ್ಕಾರದ್ದೇ ಆದ ಕಾರ್ಖಾನೆ. ಎಷ್ಟೋ ವರ್ಷ ನಿಂತಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರು ಮಾಡಿತು. ಅದಕ್ಕೆ ಕೊಟ್ಟ ಸಾರ್ವಜನಿಕ ಹಣದ ಪೂರ್ತಿ ಲೆಕ್ಕ ಕೇಳಲು ಸದನಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೀಗೆ ಲೆಕ್ಕ ಕೇಳುವುದು ನಮ್ಮ ಸೀಮೆಗೆ ಹೊಸದೇನಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ದಸರಾ ಸಮಯಕ್ಕೆ ಬೇರೆ ಬೇರೆ ತಾಲ್ಲೂಕುಗಳಿಂದ ಪ್ರತಿನಿಧಿಗಳು ಮೈಸೂರಿಗೆ ಬರುತ್ತಿದ್ದರು. ದಿವಾನರು ಕಳೆದ ವರ್ಷ ಆಡಳಿತ ಹೇಗೆ ನಡೆಯಿತು ಎಂದು ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಊರುಗಳ ಕಷ್ಟ ಹೇಳಿಕೊಳ್ಳುತ್ತಿದ್ದರು. ಆಗ ಬಂದವರು ಎಲ್ಲರ ಮತದಿಂದ ಗೆದ್ದವರಲ್ಲ, ದಿವಾನರನ್ನು ಇಳಿಸುವ ಶಕ್ತಿಯೂ ಅವರಿಗೆ ಇರಲಿಲ್ಲ. ಆದರೂ ಊರಿನ ಅಹವಾಲು ತಂದು ಎದುರಿಗೆ ಇಟ್ಟರು. ನಿಮ್ಮ ಕೈಯಲ್ಲಿ ಅವರಿಗಿಂತ ಎಷ್ಟೋ ಪಟ್ಟು ಅಧಿಕಾರ ಇದೆ.

ಆ ಅಧಿಕಾರ ಕೈ ತಪ್ಪಿ ಹೋಗುವುದನ್ನು ಟಿವಿಯಲ್ಲಿ ನೋಡುವಾಗ ಹೊಟ್ಟೆ ಉರಿಯುತ್ತದೆ. ಬೆಳಗ್ಗೆ ಸದನ ಸೇರುತ್ತದೆ. ಯಾವುದೋ ವಿಷಯಕ್ಕೆ ಸದಸ್ಯರು ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿಯುತ್ತಾರೆ. ಗದ್ದಲದಲ್ಲಿ ಪ್ರಶ್ನೋತ್ತರ ಕಲಾಪ ಕೊಚ್ಚಿ ಹೋಗುತ್ತದೆ. ಆಗ ಚುಕ್ಕೆ ಗುರುತಿನ ಪ್ರಶ್ನೆಗಳಿಗೂ ಲಿಖಿತ ಉತ್ತರವಷ್ಟೇ ಗತಿ, ಉಪ ಪ್ರಶ್ನೆಗೆ ಅವಕಾಶ ಇಲ್ಲ. ಗದ್ದಲ ಎಬ್ಬಿಸಿದ್ದು ವಿರೋಧ ಪಕ್ಷವಾದರೂ ಲಾಭ ಆಗುವುದು ಸಚಿವರಿಗೇ. ಪ್ರತಿಭಟನೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆ ಒಂದು ಗಂಟೆಯನ್ನು ಮಾತ್ರ ಮುಟ್ಟಬೇಡಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಸೇರಿದ ವರ್ಷಗಳು ಅಪರೂಪ. ಇರುವ ದಿನಗಳೇ ಕಡಿಮೆ, ಅದರಲ್ಲೂ ಪ್ರಶ್ನೆಯ ಹೊತ್ತು ಹೋದರೆ ನಮಗೆ ಉಳಿಯುವುದೇನು? ದೆಹಲಿಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗ ದೇಶವೆಲ್ಲ ಆಕ್ಷೇಪ ಕೇಳಿಬಂತು. ಯಾವ ಕಾಯಿಲೆಯೂ ಇಲ್ಲದ ದಿನಗಳಲ್ಲಿ ನಾವಾಗಿಯೇ ಅದನ್ನು ಕಳೆದುಕೊಳ್ಳುತ್ತಿದ್ದೇವೆ.

ಇನ್ನು ನಮ್ಮ ಕೋರಿಕೆಗಳು.

ಪ್ರಶ್ನೆ ಬರೆಯುವ ಮೊದಲು ನಮ್ಮನ್ನು ಕೇಳಿ. ಪ್ರಶ್ನೆಯ ಸೂಚನೆಯನ್ನು ದಿನಗಟ್ಟಲೆ ಮುಂಚೆ ಕೊಡಬೇಕು, ಲೋಕಸಭೆಯಲ್ಲಾದರೆ ಕನಿಷ್ಠ 15 ದಿನ. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ತಾಲ್ಲೂಕಿನಲ್ಲಿ ಒಂದು ಸಭೆ ಕರೆಯಿರಿ. ವೇದಿಕೆ, ಹಾರ, ಶಾಲು ಬೇಡ. ನಾಲೆ ಕೊನೆ ಭಾಗದ ರೈತರು, ಆಶಾ ಕಾರ್ಯಕರ್ತೆಯರು, ಶಾಲಾಭಿವೃದ್ಧಿ ಸಮಿತಿಯವರು, ನೀರುಗಂಟಿಗಳು ಬರಲಿ. ಎಲ್ಲಿ ಏನು ಕೆಟ್ಟಿದೆ ಎಂದು ಅಳತೆ ಸಮೇತ ಹೇಳುವವರು ಇವರೇ.

ಉತ್ತರ ಬಂದ ವಾರದೊಳಗೆ ಅದರ ಪ್ರತಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಬರಲಿ, ಗ್ರಾಮಸಭೆಯಲ್ಲಿ ಓದಿಸಿ. ವಾಟ್ಸಾಪಿನಲ್ಲಿ ಕಳಿಸಿದರೂ ಸಾಕು. ಸದನದಲ್ಲಿ ಮಾತಾಡಿದ ವಿಡಿಯೋವನ್ನು ಹಾಡು ಸೇರಿಸಿ ಹಂಚುತ್ತೀರಲ್ಲ, ಅದರ ಜೊತೆ ಆ ಉತ್ತರದ ಹಾಳೆಯನ್ನೂ ಹಂಚಿ ಎಂದು ಕಳಕಳಿಯಿಂದ ಕೇಳುತ್ತೇನೆ. ನಿಜವೋ ಸುಳ್ಳೋ ಎಂದು ಆ ಊರಿನವರು ಒಂದೇ ದಿನದಲ್ಲಿ ಹೇಳುತ್ತಾರೆ.

ಸುಳ್ಳು ಎಂದು ಗೊತ್ತಾದರೆ ಬಿಡಬೇಡಿ. ಬೇಕೆಂದೇ ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಸದನದ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ. ಅದಕ್ಕೆ ಹಕ್ಕುಬಾಧ್ಯತಾ ಸಮಿತಿ ಇದೆ. ಅಧಿಕಾರಿಯೊಬ್ಬ ಕಚೇರಿಯಲ್ಲೇ ಕೂತು "ಪೂರ್ಣಗೊಂಡಿದೆ" ಎಂದು ಬರೆದು ಕಳಿಸುವ ಧೈರ್ಯ ಮಾಡುವುದು, ಯಾರೂ ಬಂದು ನೋಡುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಒಂದು ಸಲವಾದರೂ ಮುರಿಯಿರಿ. ಹಾಗೇ "ಕ್ರಮ ಕೈಗೊಳ್ಳಲಾಗುವುದು" ಎಂದು ಸಚಿವರು ಹೇಳಿದ್ದನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತಬೇಕು. ನೀವು ಕೊಡಿಸಿದ ಭರವಸೆ ಆ ಸಮಿತಿಯ ಪಟ್ಟಿಯಲ್ಲಿ ಸೇರಿದೆಯೇ, ಎಷ್ಟು ದಿನದಿಂದ ಬಾಕಿ ಇದೆ ಎಂದು ಪ್ರತಿ ಅಧಿವೇಶನದಲ್ಲೂ ವಿಚಾರಿಸಿ. ಪ್ರಶ್ನೆ ಕೇಳಿ ಇಷ್ಟಕ್ಕೇ ಬಿಡುವುದು ನಾಟಿ ಮಾಡಿ ನೀರು ಕಟ್ಟದೆ ಮನೆಗೆ ಹೋದ ಹಾಗೆ.

ಈ ಪತ್ರದ ಜೊತೆ ನಮ್ಮ ಊರುಗಳ ರೈತರು ಸೇರಿ ಬರೆದ ಒಂದು ಪ್ರಶ್ನೆಯನ್ನೂ ಇಡುತ್ತಿದ್ದೇನೆ. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಯಾರಾದರೂ ಒಬ್ಬರು ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೊಡಬೇಕು.

"(ಅ) ವಿಶ್ವೇಶ್ವರಯ್ಯ ನಾಲೆಯ ವ್ಯಾಪ್ತಿಯಲ್ಲಿ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಳೆದ ಐದು ವರ್ಷಗಳಲ್ಲಿ ದುರಸ್ತಿ ಪೂರ್ಣಗೊಂಡಿದೆ ಎಂದು ದಾಖಲಾಗಿರುವ ಉಪ ನಾಲೆಗಳು ಮತ್ತು ವಿತರಣಾ ನಾಲೆಗಳು ಯಾವುವು, ಪ್ರತಿಯೊಂದರ ಉದ್ದ, ವೆಚ್ಚ ಮತ್ತು ಕಾಮಗಾರಿ ಮುಗಿದ ದಿನಾಂಕ ನೀಡುವುದು. (ಆ) ಪ್ರತಿ ಕಾಮಗಾರಿಯ ನಂತರ ಕೊನೆಯ ತೂಬಿನಲ್ಲಿ ನೀರಿನ ಹರಿವನ್ನು ಅಳೆದಿದ್ದಾರೆಯೇ. ಅಳೆದ ದಿನಾಂಕ ಮತ್ತು ಪ್ರಮಾಣ ನೀಡುವುದು. (ಇ) ಅಳೆಯದಿದ್ದಲ್ಲಿ, ಪೂರ್ಣಗೊಂಡಿದೆ ಎಂದು ದೃಢೀಕರಿಸಿದ ಅಧಿಕಾರಿಯ ಹುದ್ದೆ ಯಾವುದು. (ಈ) ರೈತರ ಸಮ್ಮುಖದಲ್ಲಿ ಮರು ಪರಿಶೀಲನೆಯನ್ನು ಯಾವ ದಿನಾಂಕದೊಳಗೆ ಮುಗಿಸಲಾಗುವುದು."

ಉಪ ಪ್ರಶ್ನೆಗೆ ಬೇಕಾದ ಫೋಟೋಗಳು, ನಾಲೆಯ ಅಳತೆ, ನಾಟಿ ಮಾಡಲಾಗದ ಜಮೀನುಗಳ ಪಟ್ಟಿ ನಮ್ಮ ಹತ್ತಿರ ಸಿದ್ಧವಾಗಿವೆ. ಏಳೂ ಶಾಸಕರ ಕಚೇರಿಗೆ ಒಂದೊಂದು ಪ್ರತಿ ತಲುಪಿಸುತ್ತೇವೆ. ಯಾರು ಕೇಳುತ್ತೀರಿ ಎಂದು ತಿಳಿಸಿದರೆ, ಉತ್ತರ ಬರುವ ದಿನಕ್ಕೆ ಮೊದಲು ನಿಮ್ಮನ್ನು ಕೊನೆಯ ತೂಬಿನ ತನಕ ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಾಲೆ ಕೊನೆ ಭಾಗದ ಒಬ್ಬ ರೈತ
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ